ಒರೆ ಪುರಾಣ

ಚೂರಿ ಕೊಳ್ಳುವವರು ಉಕ್ಕು ಯಾವುದೆಂದು ವಿಚಾರಿಸುತ್ತಾರೆ, ಹಿಡಿಯ ಮರವನ್ನು ತಟ್ಟಿ ನೋಡುತ್ತಾರೆ, ಉಗುರಿನ ಮೇಲೆ ಅಲಗನ್ನಿಟ್ಟು ಹರಿತವನ್ನು ಪರೀಕ್ಷಿಸುತ್ತಾರೆ; ಅದರ ಜೊತೆಗೆ ಬರುವ ಒರೆಯನ್ನು ಮಾತ್ರ ಮದುವೆ ಮನೆಯ ತಾಂಬೂಲದ ಚೀಲದಂತೆ, ಒಳಗೇನಿದೆ ಎಂದು ಬಗ್ಗಿಯೂ ನೋಡದೆ ಹಿಡಿದುಕೊಂಡು ಬರುತ್ತಾರೆ. ಮಡಿಸುವ ಚಾಕುವಿಗಾದರೆ ಹಿಡಿಯೇ ಒರೆಯಾಗಿರುವುದರಿಂದ ತಾಪತ್ರಯವಿಲ್ಲ. ಹಿಡಿಗೆ ಅಲ್ಲಾಡದಂತೆ ಕೂರಿಸಿದ ಅಲಗಿನ ಚೂರಿ ಹಾಗಲ್ಲ. ಅದು ದಿನದ ಬಹುಪಾಲನ್ನು ಒರೆಯೊಳಗೇ ಕಳೆಯುತ್ತದೆ, ಆ ಒರೆ ನಮ್ಮ ಸೊಂಟದ ಮೇಲೆ ಕಳೆಯುತ್ತದೆ, ಮತ್ತು ಎರಡರ ನಡುವೆ ಏನಾದರೂ ಹೆಚ್ಚುಕಡಿಮೆಯಾದರೆ ಅದರ ಫಲವನ್ನು ಅನುಭವಿಸುವುದು ನಮ್ಮ ತೊಡೆ.

ತೀರ್ಥಹಳ್ಳಿಯ ಕಡೆಯ ಅಡಿಕೆ ತೋಟದವರಾದ ನಮಗೆ ಈ ಜಿಜ್ಞಾಸೆ ಇರಲಿಲ್ಲ. ತೋಟದ ಕೆಲಸಕ್ಕೆ ಬರುವವರು ಸೊಂಟದ ಹಿಂದೆ ಒಂದು ಮರದ ಕೊಕ್ಕೆಯನ್ನು ಕಟ್ಟಿಕೊಂಡು ಬಾಗಿದ ಕತ್ತಿಯನ್ನು ಅದಕ್ಕೆ ಸಿಕ್ಕಿಸುತ್ತಾರೆ. ಅಲಗು ಗಾಳಿಗೆ ತೆರೆದುಕೊಂಡೇ ಇರುತ್ತದೆ. ಕೊಡಗಿನವರ ಒಡಿಕತ್ತಿಯೂ ಬೆನ್ನ ಹಿಂದೆ ತೊಡಂಗ್ ಎಂಬ ಕೊಕ್ಕೆಯಲ್ಲಿ ಬರಿಮೈಯಲ್ಲೇ ನಿಲ್ಲುತ್ತದೆ. ಅವರಲ್ಲಿ ಬೆಳ್ಳಿಯ ಕೆಲಸದ ಒರೆಯ ವೈಭವವೇನಿದ್ದರೂ ಮುಂದುಗಡೆ ಸಿಕ್ಕಿಸುವ ಪೀಚೆಕತ್ತಿ ಎಂಬ ಸಣ್ಣ ಕಠಾರಿಗೆ. ಬಾಗಿದ ಭಾರದ ಕತ್ತಿ ಕೊಕ್ಕೆಯಲ್ಲಿ ತಾನಾಗಿಯೇ ಕೂರುತ್ತದೆ. ನೆಟ್ಟಗಿರುವ, ಮೊನೆಯುಳ್ಳ, ಗೇಣಿಗಿಂತ ಗಿಡ್ಡ ಅಲಗಿನ ಚೂರಿಯನ್ನು ಹಾಗೆ ಸಿಕ್ಕಿಸಿದರೆ ಅದು ಕಾಲ ಮೇಲೆ ಬೀಳುತ್ತದೆ, ಇಲ್ಲವೇ ನಾವು ಕುಳಿತಾಗ ತನ್ನ ಇರವನ್ನು ಬೇರೆ ರೀತಿಯಲ್ಲಿ ತಿಳಿಸುತ್ತದೆ.

ಅಂಥದ್ದೊಂದು ಚೂರಿಯನ್ನು ನಮ್ಮ ಮನೆಗೆ ತಂದವನು ನನ್ನ ಭಾವಮೈದುನ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿರುವ ಈತನಿಗೆ ಚೂರಿಗಳ ಹುಚ್ಚು. ಟೊಮೆಟೊ ಹೆಚ್ಚುವುದಕ್ಕಿಂತ ಹೆಚ್ಚಿನ ಕೆಲಸ ಅವುಗಳಿಗೆ ಅಲ್ಲಿ ಸಿಗುವುದಿಲ್ಲವಾದ್ದರಿಂದ, ಅವುಗಳ ಭವಿಷ್ಯದ ದೃಷ್ಟಿಯಿಂದ ನಮ್ಮ ತೋಟಕ್ಕೆ ಕಳುಹಿಸುತ್ತಾನೆ. ಮೊದಲು ಬಂದದ್ದು ಕಾರ್ಬನ್ ಉಕ್ಕಿನ ಚೂರಿ, ಚರ್ಮದ ಒರೆಯೊಂದಿಗೆ. ಒರೆ ಬಹಳ ಚೆನ್ನಾಗಿತ್ತು ಎಂಬುದನ್ನು ನಾನು ಒಪ್ಪಲೇಬೇಕು. ಎರಡು ಪದರಗಳ ನಡುವೆ, ಅಲಗಿನ ಬಾಯಿಯ ಉದ್ದಕ್ಕೂ ಮೂರನೆಯ ಚರ್ಮದ ಪಟ್ಟಿಯೊಂದನ್ನಿಟ್ಟು ಹೊಲಿದಿದ್ದರು. ಆ ಪಟ್ಟಿ ಇಲ್ಲದಿದ್ದರೆ ಚೂರಿಯನ್ನು ಒಳಗಿಡುವಾಗಲೆಲ್ಲ ಅಲಗು ನೇರವಾಗಿ ಹೊಲಿಗೆಯ ದಾರವನ್ನೇ ಕೊಯ್ಯುತ್ತಾ ಹೋಗುತ್ತದೆ. ದಾರಕ್ಕೆ ಮೇಣ ಹಚ್ಚಿ, ಎರಡು ಸೂಜಿಗಳಿಂದ ಎರಡೂ ಕಡೆಯಿಂದ ಹೊಲಿದಿದ್ದರಿಂದ ಒಂದು ಹೊಲಿಗೆ ಹೋದರೂ ಸಾಲು ಬಿಚ್ಚಿಕೊಳ್ಳುವ ಭಯವಿರಲಿಲ್ಲ. ಚೂರಿಯನ್ನು ಒಳಗಿಟ್ಟರೆ ಸದ್ದಿಲ್ಲ, ಹೊರಗೆಳೆದರೆ ಸದ್ದಿಲ್ಲ. ನನ್ನ ಹೆಂಡತಿ ಅದನ್ನು ಮೂಗಿನ ಬಳಿ ಹಿಡಿದು, "ಹೊಸ ಚಪ್ಪಲಿ ಅಂಗಡಿ ವಾಸನೆ" ಎಂದು ಹೇಳಿ, ದೇವರ ಮನೆಯ ಗೋಡೆಯಿಂದ ದೂರ ತೂಗುಹಾಕಲು ಅಪ್ಪಣೆ ಮಾಡಿದಳು.

ಆರಿದ್ರಾ ಮಳೆ ಹಿಡಿಯುವವರೆಗೆ ಎಲ್ಲವೂ ಸರಿಯಾಗಿತ್ತು. ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದರಲ್ಲಿ ನಮ್ಮ ಪಾಲಿಗೆ ಬರುವಷ್ಟು ಮಳೆಯೇ ಉಪ್ಪಿನ ಡಬ್ಬಿಯಲ್ಲಿ ನೀರು ನಿಲ್ಲಿಸಲು, ಕಪಾಟಿನ ಬಾಗಿಲು ಮುಚ್ಚದಂತೆ ಮಾಡಲು ಸಾಕು. ಚರ್ಮದ ಒರೆಗೆ ಮೊದಲು ಬಿಳಿಯ, ಆಮೇಲೆ ತಿಳಿಹಸಿರಿನ ಬೂಸ್ಟು ಬಂತು. ಅದನ್ನು ಒರೆಸಿ ಚೂರಿಯನ್ನು ಎಳೆದು ನೋಡಿದರೆ ಅಲಗಿನ ಮೇಲೆ ಕಂದು ಬಣ್ಣದ ತುಕ್ಕು ಅಲ್ಲಲ್ಲಿ ಎದ್ದಿತ್ತು. ಭಾವಮೈದುನ ಇದರ ಕಾರಣವನ್ನು ಫೋನಿನಲ್ಲಿ ವಿಸ್ತಾರವಾಗಿ ವಿವರಿಸಿದ. ಚರ್ಮ ತೇವವನ್ನು ಹೀರಿ ಅಲಗಿಗೆ ಒತ್ತಿ ಹಿಡಿಯುತ್ತದೆ. ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಟ್ಯಾನಿನ್ನಿನ ಹುಳಿ ಇರುತ್ತದೆ. ಕ್ರೋಮಿಯಂ ಲವಣಗಳಿಂದ ಹದ ಮಾಡಿದ್ದಾದರೆ ಲೋಹಕ್ಕೆ ಇನ್ನೂ ಕೆಟ್ಟದ್ದು. ಹಿತ್ತಾಳೆಯ ಭಾಗವಿದ್ದರೆ ಅದಕ್ಕೆ ಹಸಿರು ಕಿಲುಬು ಕಟ್ಟುತ್ತದೆ. ಆದ್ದರಿಂದ ಚೂರಿಯನ್ನು ಚರ್ಮದ ಒರೆಯಲ್ಲಿ ಒಯ್ಯಬೇಕೇ ಹೊರತು ಇಡಬಾರದು ಎಂದು ಮುಗಿಸಿದ. ಇರಿಸುವುದಕ್ಕೆಂದೇ ಮಾಡಿದಂತೆ ಕಾಣುವ ವಸ್ತುವಿನಲ್ಲಿ ಏನನ್ನೂ ಇರಿಸಬಾರದು ಎಂಬ ಈ ಸಿದ್ಧಾಂತವನ್ನು ನಮ್ಮ ಅಜ್ಜಿಗೆ ತಿಳಿಯಹೇಳಲು ನನಗೆ ಇಂದಿನವರೆಗೂ ಸಾಧ್ಯವಾಗಿಲ್ಲ.

ಬೂಸ್ಟಿಗೆ ಮದ್ದು ಹೇಳದವರಿಲ್ಲ. ಜೇನುಮೇಣವನ್ನು ತೆಳ್ಳಗೆ ಉಜ್ಜಿದರೆ ಸಾಕೆಂದು ಭಾವಮೈದುನ, ಹರಳೆಣ್ಣೆ ಎಂದು ಪಕ್ಕದ ಮನೆಯವರು. ಇವರ ಚರ್ಚೆ ಮುಗಿಯುವ ಮೊದಲೇ ಅಜ್ಜಿ ತಲೆಗೆ ಹಚ್ಚುವ ತೆಂಗಿನೆಣ್ಣೆಯನ್ನು ಒರೆಗೆ ಧಾರಾಳವಾಗಿ ಕುಡಿಸಿ ಆಗಿತ್ತು. ಚರ್ಮದ ಒರೆ ಚೂರಿಯನ್ನು ಹಿಡಿದಿಡುವುದು ತನ್ನ ಬಿಗುವಿನಿಂದ. ಒದ್ದೆ ಚರ್ಮವನ್ನು ಚೂರಿಯ ಮೈಗೆ ಒತ್ತಿ ಒಣಗಿಸಿದಾಗ ಬರುವ ಆ ಆಕಾರ ಎಣ್ಣೆ ಕುಡಿದ ಮೇಲೆ ಸಡಿಲಾಗುತ್ತದೆ. ನಮ್ಮ ಒರೆ ಎಷ್ಟು ಮೆತ್ತಗಾಯಿತೆಂದರೆ, ಬಗ್ಗಿ ಗೊಬ್ಬರದ ಚೀಲ ಬಿಚ್ಚುವಾಗ ಚೂರಿ ತಾನೇ ಹೊರಗೆ ಜಾರಿ ಚೀಲದ ಪಕ್ಕದಲ್ಲಿ ನೆಟ್ಟಗೆ ನಿಂತಿತು. ಎಣ್ಣೆಯ ಪರಿಮಳಕ್ಕೆ ಮೊದಲು ಇರುವೆ ಬಂತು, ಅದರ ಹಿಂದೆ ನಮ್ಮ ನಾಯಿ ಕರಿಯ ಬಂದ. ಮೇಣದ ಮೇಲೆ ಅವನಿಗೆ ಇಷ್ಟು ಪ್ರೀತಿ ಹುಟ್ಟುತ್ತಿರಲಿಲ್ಲವೇನೋ. ಬೆಳಗ್ಗೆ ಜಗಲಿಯಲ್ಲಿ ಉಳಿದದ್ದು ಬೆಲ್ಟಿಗೆ ಪೋಣಿಸುವ ಕುಣಿಕೆ ಮತ್ತು ಬಹಳ ಗಟ್ಟಿಯಾದ ಹೊಲಿಗೆಯ ದಾರ.

ಎರಡನೆಯ ಒರೆ ಕೈಡೆಕ್ಸಿನದು. ಇದು ಅಕ್ರಿಲಿಕ್ ಮತ್ತು ಪಿವಿಸಿ ಬೆರೆಸಿದ ಪ್ಲಾಸ್ಟಿಕ್. 1965ರಲ್ಲಿ ರೋಮ್ ಅಂಡ್ ಹಾಸ್ ಎಂಬ ಕಂಪನಿ ವಿಮಾನಗಳ ಒಳಾಂಗಣಕ್ಕೆಂದು ತಯಾರಿಸಿದ ಹಾಳೆ, ಆಮೇಲೆ ಪಿಸ್ತೂಲು ಚೂರಿಗಳ ಒರೆಯಾಯಿತು. ಹಾಳೆಯನ್ನು ಕಾಯಿಸಿ ಚೂರಿಯ ಮೇಲೆ ಒತ್ತಿದರೆ ತಣಿಯುವಾಗ ಅದೇ ಆಕಾರದಲ್ಲಿ ನಿಲ್ಲುತ್ತದೆ. ಚೂರಿ "ಟಕ್" ಎಂದು ಒಳಗೆ ಕೂರುತ್ತದೆ, ತಲೆಕೆಳಗು ಮಾಡಿ ಕೊಡವಿದರೂ ಬೀಳುವುದಿಲ್ಲ. ನೀರು ಹೀರುವುದಿಲ್ಲ, ಬೂಸ್ಟು ಹಿಡಿಯುವುದಿಲ್ಲ, ಕರಿಯ ಮೂಸಿ ನೋಡಿ ಮುಖ ತಿರುಗಿಸಿದ. ಅಪರೂಪಕ್ಕೊಮ್ಮೆ ಮನೆಯವರೆಲ್ಲರಿಗೂ ಒಂದೇ ಅಭಿಪ್ರಾಯವಿದ್ದ ಕಾಲವದು.

ಕಷ್ಟ ಆರಂಭವಾದದ್ದು ಆ ಬಿಗುವಿನಿಂದಲೇ. ಕೈಡೆಕ್ಸಿನ ಒರೆಯಿಂದ ಚೂರಿಯನ್ನು ಜಗ್ಗಿ ಎಳೆಯಬಾರದು. ಹೆಬ್ಬೆರಳನ್ನು ಒರೆಯ ಬಾಯಿಗೆ ಒತ್ತಿ, ಮೊದಲ ಅರ್ಧ ಅಂಗುಲವನ್ನು ಆ ಒತ್ತಿನಿಂದಲೇ ಬಿಡಿಸಿ, ಆಮೇಲೆ ನಿಧಾನವಾಗಿ ತೆಗೆಯಬೇಕು. ಇದನ್ನು ನನಗೆ ಪಾಠ ಮಾಡಿದ ಭಾವಮೈದುನನೇ, ನಮ್ಮ ದಾಯಾದಿಗಳ ಮನೆಯ ಮದುವೆಯಲ್ಲಿ ಬಾಳೆಎಲೆಯ ದಂಟು ಸವರಿಕೊಡುವ ಉತ್ಸಾಹದಲ್ಲಿ, ನಾಲ್ಕು ಜನ ನೋಡುತ್ತಿದ್ದಾರೆಂಬ ಹುರುಪಿನಲ್ಲಿ, ಚೂರಿಯನ್ನು ಒಂದೇ ಎಳೆತಕ್ಕೆ ಹಿರಿದ. ಚೂರಿ ಬಂತು, ಅದರ ಜೊತೆಗೆ ಮೊಣಕೈ ಹಿಂದಕ್ಕೆ ಹೋಗಿ, ಬಡಿಸಲು ಹೊರಟಿದ್ದವರ ಬಕೆಟ್ಟಿಗೆ ತಾಗಿತು. ಅದರಲ್ಲಿದ್ದದ್ದು ಸಾರಲ್ಲ, ತಂಬುಳಿ ಎಂಬುದು ಎರಡೂ ಕುಟುಂಬಗಳ ಪುಣ್ಯ. ಬೀಗರ ಪಂಕ್ತಿಗೆ ಒಂದೆಲಗದ ತಂಬುಳಿ ಬರಲಿಲ್ಲವೇಕೆ ಎಂಬ ವಿಚಾರಣೆ ಈಗಲೂ ಆಗಾಗ ನಡೆಯುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಬೀಳಲು ಸಮಯ ಹಿಡಿಯುತ್ತದೆ. ತೋಟದ ಕೆಂಪು ಮಣ್ಣಿನ ಸಣ್ಣ ಹರಳು ಒರೆಯೊಳಗೆ ಸೇರಿಕೊಂಡರೆ ಗಟ್ಟಿ ಗೋಡೆಗೆ ಅಂಟಿಕೊಂಡು, ಚೂರಿ ಹೋಗಿಬರುವಾಗಲೆಲ್ಲ ಅಲಗಿನ ಮೈಮೇಲೆ ಉದ್ದುದ್ದ ಗೀರು ಎಳೆಯುತ್ತದೆ. ಚರ್ಮಕ್ಕೂ ಈ ಗುಣ ಇಲ್ಲದಿಲ್ಲ. ಆದರೆ ಚರ್ಮವನ್ನು ತೊಳೆಯಲಾಗದು, ಇದನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದು. ತುದಿಯಲ್ಲಿ ನೀರು ಇಳಿಯಲು ಒಂದು ತೂತು ಇದೆಯೇ ಎಂದು ಕೊಳ್ಳುವಾಗಲೇ ನೋಡಬೇಕು. ಇಲ್ಲವಾದರೆ ಮಳೆಗಾಲದಲ್ಲಿ ಚೂರಿಯ ಮೊನೆ ಸದಾ ತೀರ್ಥದಲ್ಲಿ ನಿಂತಿರುತ್ತದೆ. ನಮ್ಮದಕ್ಕೆ ತೂತು ಇತ್ತು. ತೊಳೆದದ್ದೂ ಆಯಿತು. ಒಣಗಿಸುವ ಹೊಣೆಯನ್ನು ಅಜ್ಜಿ ವಹಿಸಿಕೊಂಡರು.

ಮಲೆನಾಡಿನ ಮಳೆಗಾಲದಲ್ಲಿ ಬಟ್ಟೆ, ಹಪ್ಪಳ, ಪಠ್ಯಪುಸ್ತಕ, ಎಲ್ಲವೂ ಒಣಗುವುದು ಬಚ್ಚಲ ಒಲೆಯ ಬಳಿ. ಅಜ್ಜಿ ಒರೆಯನ್ನು ಒಲೆಯ ಕಟ್ಟೆಯ ಮೇಲೆ, ಹಂಡೆಗೆ ತಾಗಿಸಿ ಇಟ್ಟರು. ಬಿಸಿಯಿಂದ ಆಕಾರ ಪಡೆದದ್ದು ಬಿಸಿಯಿಂದಲೇ ಅದನ್ನು ಬಿಟ್ಟುಕೊಡುತ್ತದೆ. ಸಂಜೆಗೆ ಒರೆಯ ಬಾಯಿ ಅಗಲವಾಗಿ ತೆರೆದುಕೊಂಡು, ಹೊಟ್ಟೆ ಚಪ್ಪಟೆಯಾಗಿ, ಅದು ತಾನು ಹುಟ್ಟಿಬಂದ ಹಾಳೆಯ ಸ್ಥಿತಿಯತ್ತ ಹೊರಟಿತ್ತು. "ಒಣಗ್ಲಿ ಅಂತ ಇಟ್ಟೆ ಮಾರಾಯ, ಅದು ಕರಗ್ತದೆ ಅಂತ ಯಾರು ಹೇಳಿದ್ರು?" ಎಂದು ಅಜ್ಜಿ ಕೇಳಿದರು. ಯಾರೂ ಹೇಳಿರಲಿಲ್ಲ.

ಭಾವಮೈದುನನಿಗೆ ಇದು ವಿಪತ್ತಾಗಿ ಕಾಣಲಿಲ್ಲ, ಅವಕಾಶವಾಗಿ ಕಂಡಿತು. ಮುಂದಿನ ವಾರಾಂತ್ಯಕ್ಕೆ ಊರಿಗೆ ಬಂದವನು ಒರೆಯ ತಿರುಪುಗಳನ್ನು ಬಿಚ್ಚಿ, ಅಕ್ಕನ ಕೇಕಿನ ಓವನ್ನಿನಲ್ಲಿ ಅದನ್ನು ಸುಮಾರು 160 ಡಿಗ್ರಿಗೆ ಕಾಯಿಸಿ ಮೆತ್ತಗೆ ಮಾಡಿದ. ಮೆತ್ತಗಾದ ಹಾಳೆಯನ್ನು ಚೂರಿಯ ಸಮೇತ ಎರಡು ದಪ್ಪ ಫೋಮಿನ ನಡುವೆ ಇಟ್ಟು, ತಣಿಯುವವರೆಗೆ ಭಾರ ಹೇರಬೇಕು. ಫೋಮು ಎಲ್ಲಿಂದ ಬಂತು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ. ನೆಂಟರು ಬಂದು ಸೋಫಾದಲ್ಲಿ ಕುಳಿತು ನಿರೀಕ್ಷೆಗಿಂತ ಕೆಳಗೆ ಇಳಿದಾಗ ತಿಳಿಯಿತು. ಭಾರಕ್ಕೆ ಅಕ್ಕಿಮುಡಿಯ ಮೇಲೆ ನಮ್ಮ ಮಾವನವರನ್ನೇ ಕೂರಿಸಿದ್ದ. ಫಲವಾಗಿ ಹೊಸ ಒರೆ ಚೂರಿಯನ್ನು ಎಷ್ಟು ಬಿಗಿಯಾಗಿ ಹಿಡಿಯಿತೆಂದರೆ, ಒಬ್ಬರು ಒರೆಯನ್ನೂ ಇನ್ನೊಬ್ಬರು ಹಿಡಿಯನ್ನೂ ಹಿಡಿದು ಜಗ್ಗಬೇಕಾಯಿತು. ಅಲಗಿಗೆ ಮೊದಲೇ ಒಂದೆರಡು ಸುತ್ತು ಪಟ್ಟಿ ಅಂಟಿಸಿ ದಪ್ಪ ಮಾಡಿಕೊಂಡು ಒತ್ತಿದ್ದರೆ ಈ ಗತಿ ಬರುತ್ತಿರಲಿಲ್ಲವಂತೆ. ಓವನ್ನಿನಲ್ಲಿ ಆ ಬಳಿಕ ಬೇಯಿಸಿದ ಬಿಸ್ಕತ್ತಿಗೆ ಹೊಸ ಕಾರಿನ ಒಳಗಿನ ವಾಸನೆ ಇತ್ತು. ಪಿವಿಸಿ ಇರುವ ವಸ್ತುವನ್ನು ಅನ್ನ ಬೇಯುವ ಜಾಗದಲ್ಲಿ ಕಾಯಿಸಬಾರದು ಎಂದು ನನ್ನ ಹೆಂಡತಿ ಹೊರಡಿಸಿದ ಆಜ್ಞೆಯನ್ನು ರಸಾಯನಶಾಸ್ತ್ರವೂ ಪೂರ್ತಿಯಾಗಿ ಬೆಂಬಲಿಸುತ್ತದೆ.

ನೈಲಾನ್ ಬಟ್ಟೆಯ ಒರೆಯ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಅದರೊಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಪಟ್ಟಿ ಇಲ್ಲದಿದ್ದರೆ ಮೊನೆ ಒಂದು ದಿನ ಹೊರಗೆ ಇಣುಕಿಯೇ ಇಣುಕುತ್ತದೆ.

ಈ ನಡುವೆ ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ನಮ್ಮ ಗೋಳನ್ನು ನೋಡಲಾರದೆ, ಬಿದ್ದಿದ್ದ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಸಿ, ಚೂರಿಯ ಅಲಗಿಗೆ ಸುತ್ತಿ, ಬಳ್ಳಿಯಿಂದ ಕಟ್ಟಿ ಕೊಟ್ಟರು. ಒಣಗಿದ ಮೇಲೆ ಅದು ಅಲಗಿನ ಆಕಾರವನ್ನು ಸೊಗಸಾಗಿ ಹಿಡಿಯಿತು. ಕ್ರಮ ಚರ್ಮದ್ದೇ, ವೆಚ್ಚ ಏನೂ ಇಲ್ಲ. ಹಾಳಾದರೆ ಗೊಬ್ಬರದ ಗುಂಡಿಗೆ ಎಸೆದು ಇನ್ನೊಂದು ಮಾಡಿಕೊಂಡರಾಯಿತು. ಭಾವಮೈದುನ ಅದರ ಫೋಟೊ ತೆಗೆದುಕೊಂಡನೇ ಹೊರತು ಅದನ್ನು ಒರೆ ಎಂದು ಒಪ್ಪಲಿಲ್ಲ. ಅವನ ಪ್ರಕಾರ ಮಳೆಗಾಲದ ತೋಟಕ್ಕೆ ಸರಿಯಾದದ್ದು, ಸ್ವೀಡನ್ನಿನ ಮೋರಾ ಚೂರಿಗಳ ಜೊತೆ ಬರುವಂಥ, ಅಚ್ಚಿನಲ್ಲಿ ಎರಕ ಹೊಯ್ದ ಸಾದಾ ಪ್ಲಾಸ್ಟಿಕ್ ಒರೆ. ಇದರಲ್ಲಿ ನಾನು ಅವನ ಪಕ್ಷ. ಅದಕ್ಕೆ ಚಂದವಿಲ್ಲ, ಅಹಂಕಾರವೂ ಇಲ್ಲ. ತೊಳೆದು ನೇತುಹಾಕಿದರೆ ಅದರ ಉಪಚಾರ ಮುಗಿಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವೂ ತನ್ನ ಎಂ3 ಚೂರಿಯನ್ನು ಮೊದಲು ಚರ್ಮದ ಒರೆಯಲ್ಲಿ ಕೊಟ್ಟು, 1943ರಲ್ಲಿಯೇ ಎಂ8 ಎಂಬ ಪ್ಲಾಸ್ಟಿಕ್ ಒರೆಗೆ ಬದಲಾಯಿಸಿತು. ಅವರ ಮನೆಗಳಲ್ಲಿ ತೆಂಗಿನೆಣ್ಣೆ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಆದರೆ ಬೇಸಿಗೆಗೆ ನನಗೆ ಚರ್ಮವೇ ಬೇಕಾಯಿತು. ಕುಳಿತರೆ ಸೊಂಟಕ್ಕೆ ಒತ್ತದೆ ಮೈಯ ಜೊತೆ ಬಾಗುವ ಗುಣ ಪ್ಲಾಸ್ಟಿಕ್ಕಿಗೆ ಇಲ್ಲ. ಅಥಣಿಯ ಕಡೆ ಹೋಗುವ ಸಂದರ್ಭ ಬಂದಾಗ ಅಲ್ಲಿ ಚಪ್ಪಲಿ ಮಾಡುವ ಕುಶಲಕರ್ಮಿಯೊಬ್ಬರನ್ನು ಕಂಡೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿಯೂ ಸೇರಿ ನಮ್ಮ ನಾಲ್ಕು ಜಿಲ್ಲೆಗಳೂ ಅದರಲ್ಲಿ ಸೇರಿದವು. ಆ ಚರ್ಮ ಕ್ರೋಮಿಯಮ್ಮಿನದಲ್ಲ, ತೊಗಟೆ ಮತ್ತು ಕಾಯಿಗಳಿಂದ ಹದ ಮಾಡಿದ್ದು. ಕಾಗದದ ಮೇಲೆ ಗೆರೆ ಎಳೆದು ತಂದ ಚೂರಿಯ ಆಕಾರವನ್ನು ಅವರು ತಿರುವಿ ತಿರುವಿ ನೋಡಿ, "ಚಾಕೂಗೂ ಕಾಲ್ಮರಿ ಹೊಲಿಸ್ತೀರೇನ್ರಿ?" ಎಂದು ನಕ್ಕರು. ಆಮೇಲೆ ಒಂದು ಪ್ರಶ್ನೆ ಕೇಳಿದರು: "ಎಡಗೈಯವ್ರೋ ಬಲಗೈಯವ್ರೋ?" ಅಲ್ಲಿಯವರೆಗೆ ಬಂದ ಯಾವ ಒರೆಯೂ ಎಡಚನಾದ ನನ್ನನ್ನು ಇದನ್ನು ಕೇಳಿರಲಿಲ್ಲ.

ಆ ಒರೆಗೆ ಮೇಣ ಮಾತ್ರ. ಎಣ್ಣೆಯ ಬಾಟಲಿ ಈಗ ಕಪಾಟಿನ ಮೇಲಿನ ಅರೆಯಲ್ಲಿದೆ. ಕೆಲಸ ಮುಗಿದ ಮೇಲೆ ಚೂರಿಯನ್ನು ಒರೆಸಿ ಹೊರಗೆ ಪತ್ರಿಕೆಯಲ್ಲಿ ಸುತ್ತಿಡುತ್ತೇನೆ, ಒರೆ ಬೆಲ್ಟಿನಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್ಕಿನದಾದರೆ ಕ್ಲಿಪ್ಪು ಎಳೆದು ತೆಗೆಯಬಹುದು, ಚರ್ಮದ ಕುಣಿಕೆಯಿಂದ ಬಿಡಿಸಲು ಬೆಲ್ಟನ್ನೇ ಬಿಚ್ಚಬೇಕು. ಹೀಗಾಗಿ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋದಾಗಲೂ ಅದು ಸೊಂಟದಲ್ಲೇ ಇತ್ತು, ಮತ್ತು ರೈಲು ನಿಲ್ದಾಣವೊಂದರ ತಪಾಸಣೆಯವರ ಕೈ ನೇರವಾಗಿ ಅದರ ಮೇಲೆ ಬಂದು ನಿಂತಿತು.

"ಇದರೊಳಗಿನದು ಎಲ್ಲಿ ಸಾರ್?"

"ಊರಿನಲ್ಲಿದೆ. ಒಳಗೆ ಇಟ್ಟರೆ ತುಕ್ಕು ಹಿಡಿಯುತ್ತದೆ."

"ಚೂರಿ ಇಡೋಕಾಗದೆ ಇದ್ರೆ ಒರೆ ಯಾಕೆ ಸಾರ್?"

ತೇವ, ಟ್ಯಾನಿನ್, ಒಯ್ಯುವುದಕ್ಕೂ ಇಡುವುದಕ್ಕೂ ಇರುವ ಅಂತರ, ಎಲ್ಲವನ್ನೂ ಹೇಳಿದೆ. ನನ್ನ ಹಿಂದಿನ ಸಾಲು ಮೆಟ್ಟಿಲಿನವರೆಗೆ ಬೆಳೆಯಿತು. ಅವರು ಬೆಲ್ಟು ಬಿಚ್ಚಿಸಿ, ಒರೆಯನ್ನು ಬಗ್ಗಿಸಿ, ಒಳಗೆ ಬೆರಳು ಹಾಕಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ, ತಾವು ಸಕಲೇಶಪುರದ ಕಡೆಯವರೆಂದೂ, ತಮ್ಮ ಅಪ್ಪನ ಚೂರಿ ಈಗ ಹಳೆಯ ಸೈಕಲ್ ಟ್ಯೂಬಿನಲ್ಲಿ ಇದೆಯೆಂದೂ ಹೇಳಿ, ಅಥಣಿಯ ಆ ಅಂಗಡಿ ಬಸ್‌ಸ್ಟ್ಯಾಂಡಿನಿಂದ ಯಾವ ಕಡೆಗೆ ಎಂದು ವಿಚಾರಿಸಿದರು.