ಸೆಲರಿಗೊಂದು ಅಕ್ಷರ

ವಿಯೆನ್ನಾದ ಹೋಟೆಲಿನಲ್ಲಿ ಮೆನು ಕೈಗೆ ಬಂದರೆ ನಾನು ಸಸ್ಯಾಹಾರಿ ಏನಿದೆ ಅಂತ ಹುಡುಕುತ್ತೇನೆ. ಜೊತೆಗಿದ್ದ ಸಹೋದ್ಯೋಗಿ ಪ್ರತಿ ಪದಾರ್ಥದ ಪಕ್ಕದ ಸಣ್ಣ ಅಕ್ಷರಗಳ ಮೇಲೆ ಬೆರಳಾಡಿಸಿ, 'ಎಲ್' ಇಲ್ಲದ ಸೂಪ್ ಆರಿಸಿಕೊಂಡಳು. ಎಲ್ ಅಂದರೆ ಸೆಲರಿ. ತಿಂದರೆ ಅವಳ ತುಟಿ, ನಾಲಿಗೆ ಊದಿಕೊಳ್ಳುತ್ತವೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ವಿವರಿಸಲಿಲ್ಲ. ನನಗೆ ಹೊಟ್ಟೆಕಿಚ್ಚೇ ಆಯಿತು.

ನಮಗೆ ಸೆಲರಿ ಅಂದರೆ ಹಸಿರು ದಂಟು. ಇಲ್ಲಿ ಸೂಪಿಗೆ ಹೆಚ್ಚಾಗಿ ಬೀಳುವುದು ಅದರ ಗೆಡ್ಡೆ. ಮುಷ್ಟಿಗಿಂತ ದೊಡ್ಡದು, ಮೈಯೆಲ್ಲ ಗಂಟು, ಬೇರಿನ ಸಂದಿಯಲ್ಲಿ ಮಣ್ಣು. ಸಿಪ್ಪೆ ದಪ್ಪಗೆ ಹೆರೆದರೆ ಒಳಗೆ ಬೆಳ್ಳಗೆ, ಘಮ್ಮೆನ್ನುತ್ತದೆ. ಕ್ಯಾರೆಟ್, ಲೀಕ್ ಜೊತೆ ಕುದಿಸಿ ಸೋಸಿಬಿಟ್ಟರೆ ಬಟ್ಟಲಲ್ಲಿ ಅದರ ಗುರುತೇ ಇರುವುದಿಲ್ಲ. ಬೇಯಿಸಿದರೂ ಕೆಲವರಿಗೆ ಅಲರ್ಜಿ ತಪ್ಪುವುದಿಲ್ಲ. ಯುರೋಪಿಯನ್ ಒಕ್ಕೂಟದಲ್ಲಿ ಕಡ್ಡಾಯವಾಗಿ ತಿಳಿಸಬೇಕಾದ 14 ಅಲರ್ಜಿಕಾರಕಗಳಲ್ಲಿ ಸೆಲರಿಯೂ ಇದೆ. 2014ರ ಡಿಸೆಂಬರ್‌ನಿಂದ ಹೋಟೆಲುಗಳಿಗೂ ಈ ನಿಯಮ ಬಂತು.

ನಮ್ಮ ಕಡೆ? ಮದುವೆ ಊಟದಲ್ಲಿ ಕಡಲೆಕಾಯಿ ಆಗಲ್ಲ ಅಂದು ನೋಡಿ. "ಒಂಚೂರು ತಿಂದ್ರೆ ಏನಾಗಲ್ಲ" ಅನ್ನುತ್ತಾರೆ. ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಚಿತ್ರಾನ್ನ ಬೀಳುತ್ತದೆ. ಆಗಲ್ಲ ಅಂದರೆ ನಾಚಿಕೆ ಇರಬೇಕು ಅಂತಲೇ ಲೆಕ್ಕ. ನನ್ನ ಚಿಕ್ಕಮ್ಮನ ಮಗ ಹಾಗೇ ಪಂಕ್ತಿಯಿಂದೆದ್ದು ಆಸ್ಪತ್ರೆ ಸೇರಿದ. ಆಮೇಲೂ "ದೃಷ್ಟಿ ತಾಗಿದೆ" ಅಂದರೇ ಹೊರತು ಚಿತ್ರಾನ್ನದ ಮಾತೇ ಯಾರೂ ಎತ್ತಲಿಲ್ಲ. ನನಗೆ ಈಗಲೂ ಸಿಟ್ಟು ಬರುತ್ತದೆ.

ಇಲ್ಲಿಯೂ ಎಲ್ಲ ಸರಿಯಿಲ್ಲ, ಒಪ್ಪುತ್ತೇನೆ. ಕೆಲವರು ಎಲ್ಲದಕ್ಕೂ ಎಲ್ಲ ಅಕ್ಷರ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಆಗ ಆ ಮೆನು ಇದ್ದೂ ಇಲ್ಲದ ಹಾಗೆ. ಸಹೋದ್ಯೋಗಿಯನ್ನು ಮನೆಗೆ ಊಟಕ್ಕೆ ಕರೆದಾಗ ಇನ್ನೊಂದು ಗೊತ್ತಾಯಿತು. ಧನಿಯ, ಜೀರಿಗೆ ಎರಡೂ ಸೆಲರಿಯ ಕುಟುಂಬದವೇ. ಸೆಲರಿ ಆಗದ ಕೆಲವರಿಗೆ ಅವೂ ಆಗುವುದಿಲ್ಲ. ಅಮ್ಮ ಕಳಿಸಿದ ಸಾರಿನ ಪುಡಿಯ ಡಬ್ಬಿಯ ಮೇಲೆ ಒಂದಕ್ಷರವೂ ಇರಲಿಲ್ಲ. ಫೋನ್ ಮಾಡಿದೆ. ಅಮ್ಮ ಹುರಿದ ಕ್ರಮದಲ್ಲೇ ಒಂದೊಂದಾಗಿ ಹೇಳಿದಳು. "ಆ ಹುಡುಗಿಗೆ ಬೇರೆ ತೊವ್ವೆ ಮಾಡು, ಒಗ್ಗರಣೆಗೆ ಜೀರಿಗೆ ಹಾಕಬೇಡ" ಅಂದಳು. ಈಗಲೂ ಅವಳನ್ನು ವಿಚಾರಿಸುತ್ತಿರುತ್ತಾಳೆ. ಇಂಥ ಕಾಳಜಿ ಮೆನುವಿನಲ್ಲಿ ಸಿಗುವುದಿಲ್ಲ, ನಿಜ.

ಆದರೆ ಐನೂರು ಜನ ಕೂತ ಛತ್ರದಲ್ಲಿ ಅಡುಗೆಯವರನ್ನು ಎಲ್ಲಿ ಹುಡುಕುವುದು? ಊಟದ ಹಾಲ್ ಬಾಗಿಲಿಗೆ ಒಂದು ಬೋರ್ಡ್ ತೂಗುಹಾಕಿ. ಯಾವುದರಲ್ಲಿ ಕಡಲೆಕಾಯಿ, ಯಾವುದರಲ್ಲಿ ಗೋಡಂಬಿ ಅಂತ ಬರೆಯಿರಿ. ಅಷ್ಟು ಮಾಡಬಹುದು ಅಲ್ವಾ?