ರೆಸಾರ್ಟ್ ಊರಿನಲ್ಲಿ ಒಂದು ಗ್ಯಾಲನ್ ಹಾಲು

ಇವತ್ತು ಗುರುವಾರ ಅನ್ನೋದು ಮತ್ತೆ ಮರೆತುಹೋಯಿತು.

ಮನೆಯಿಂದ ಅಂಗಡಿಗೆ ಏಳು ನಿಮಿಷದ ದಾರಿ. ತರಬೇಕಿದ್ದದ್ದು ಒಂದು ಗ್ಯಾಲನ್, ಅಂದರೆ ಹೆಚ್ಚುಕಮ್ಮಿ ನಾಲ್ಕು ಲೀಟರ್ ಹಾಲು, ಅಷ್ಟೇ. ಒಲೆಯ ಮೇಲೆ ಸಾರಿಗೆ ಬೇಳೆ ಇಟ್ಟು, ಕೂಗುವಷ್ಟರಲ್ಲಿ ಬರ್ತೀನಿ ಅಂತ ಯಜಮಾನರಿಗೆ ಹೇಳಿ ಆರೂವರೆಗೆ ಹೊರಟವಳು ಮನೆ ಸೇರಿದಾಗ ಎಂಟೂಕಾಲು. ಕುಕ್ಕರು ಎಷ್ಟು ಸಲ ಕೂಗಿತು ಅಂತ ಅವರನ್ನು ಕೇಳಿದೆ. "ಮೂರರವರೆಗೆ ಎಣಿಸಿದೆ, ಆಮೇಲೆ ಫೋನ್ ಬಂತು" ಅಂದರು.

ಆಗಿದ್ದು ಇಷ್ಟೇ. ನಮ್ಮದು ಕ್ಯಾಲಿಫೋರ್ನಿಯಾದ ಮರುಭೂಮಿಯ ಪಾಮ್ ಸ್ಪ್ರಿಂಗ್ಸ್. ಅದರ ಪೇಟೆಬೀದಿ ಪಾಮ್ ಕ್ಯಾನ್ಯನ್ ಡ್ರೈವ್‌ಗೆ ಅಡ್ಡಗಟ್ಟೆ ಹಾಕಿದ್ದರು. ಗುರುವಾರ ಸಂಜೆ ಅಂದರೆ ವಿಲೇಜ್‌ಫೆಸ್ಟ್. ಅಂದರೆ ಸಂತೆ. ನಮ್ಮ ಕಡೆ ಸಂತೆಗೆ ಹೋದರೆ ಸೊಪ್ಪು, ಈರುಳ್ಳಿ, ಒಂದು ಹಗ್ಗ, ಎರಡು ಬೈಗುಳ ಆದರೂ ಸಿಗುತ್ತವೆ. ಇಲ್ಲಿ ಸುವಾಸನೆಯ ಮೇಣದಬತ್ತಿ, ಬಣ್ಣದ ಕಲ್ಲಿನ ಸರ, ನಾಯಿಗೆ ಬಿಸ್ಕತ್ತು. ಇದಕ್ಕೆ ಊರಿನ ನಡುಬೀದಿಯೇ ಬಂದ್. ಹನ್ನೊಂದು ವರ್ಷದಿಂದ ಈ ಊರಿನಲ್ಲಿದ್ದೇನೆ. ಐನೂರಕ್ಕೂ ಜಾಸ್ತಿ ಗುರುವಾರ ಕಳೆದಿವೆ. ರಾಯರ ಮಠಕ್ಕೆ ಹೋಗುವ ವಾರ ಅಂತ ನೆನಪಿರುತ್ತದೆ, ರಸ್ತೆ ಮುಚ್ಚುವ ವಾರ ಅಂತ ಮಾತ್ರ ನೆನಪಿರಲ್ಲ.

ಕೊನೆಗೆ ಎಲ್ಲೋ ದೂರ ಕಾರು ನಿಲ್ಲಿಸಿ, ಸಂತೆಯ ನಡುವೆ ನುಗ್ಗಿ ನಡೆದೆ. ಬರುವಾಗ ಎರಡೂ ತೋಳಲ್ಲಿ ಹಾಲಿನ ಡಬ್ಬ, ಕೈಕೂಸಿನ ಹಾಗೆ. ಹ್ಯಾಟು ಹಾಕಿದ ಒಬ್ಬ ಹೆಂಗಸು ತಡೆದು ಫೋಟೋ ತೆಗೆದುಕೊಡಿ ಅಂದಳು. ಹಾಲನ್ನು ಕಾಲ ಸಂದಿಯಲ್ಲಿಟ್ಟು ತೆಗೆದೆ. "ಎಲ್ಲಿಂದ ಬಂದಿದ್ದೀರಿ?" ಅಂತ ಕೇಳಿದಳು. "ಇದೇ ಊರು" ಅಂದೆ. "ಹೌದಾ? ಇಲ್ಲಿ ಇದ್ದುಕೊಂಡು ಏನು ಮಾಡ್ತೀರಿ?"

ಹಾಲು ತೋರಿಸಿದೆ.

ಎಲ್ಲರಿಗೂ ಅದೇ ಭ್ರಮೆ. ರೆಸಾರ್ಟ್ ಊರು ಅಂದಮೇಲೆ ಇಲ್ಲಿನವರು ಬೆಳಿಗ್ಗೆ ಎದ್ದು ಈಜುಕೊಳದ ಪಕ್ಕ ಮಲಗುತ್ತಾರೆ, ಮಧ್ಯಾಹ್ನ ಮಗ್ಗುಲು ಬದಲಿಸುತ್ತಾರೆ. "ನಿಮಗೇನಮ್ಮ, ವರ್ಷಪೂರ್ತಿ ರಜಾ" ಅಂತಲೇ ಫೋನು ಶುರುವಾಗುತ್ತದೆ. ಮುಂದಿನ ವಾಕ್ಯ ನನಗೆ ಬಾಯಿಪಾಠ. "ನಾವೂ ಒಂದೆರಡು ದಿನ ಬರೋಣ ಅಂತಿದ್ವಿ." ಲಾಸ್ ಏಂಜಲೀಸ್‌ನಿಂದ ಬರೋದು ಎರಡೂ ಚಿಲ್ಲರೆ ಗಂಟೆಯ ದಾರಿ ನೋಡಿ, ಬೇಡ ಅನ್ನೋಕೆ ನೆಪ ಸಿಗಲ್ಲ. ಬರುವವರು ಬರಿಗೈಲಿ ಬರಲ್ಲ, ಅದೂ ಒಂದು ಕಷ್ಟ. ಅಲ್ಲೇ ಪಕ್ಕದ ಆರ್ಟೀಸಿಯಾದ ಇಂಡಿಯನ್ ಅಂಗಡಿ ಸಾಲಿನಿಂದ ಸೋನಾ ಮಸೂರಿ, ರಾಗಿ ಹಿಟ್ಟು, ಹುರಿಗಡಲೆ ಹೊತ್ತು ತರುತ್ತಾರೆ. ನಮಗೆ ಅಲ್ಲಿಗೆ ಸುಮಾರು ನೂರು ಮೈಲಿ. ರಾಗಿ ಹಿಟ್ಟಿಗೆ ನನ್ನ ಶನಿವಾರಗಳನ್ನೆಲ್ಲ ಮಾರಿಕೊಂಡಿದ್ದೇನೆ ಅಂದರೆ ತಪ್ಪಿಲ್ಲ. ಊರು ತೋರಿಸುವ ಹೊತ್ತಿಗೆ ಯಜಮಾನರು ಆನ್ ಕಾಲ್. ನೆಂಟರು ಇಳಿದ ದಿನವೇ ಅವರ ಪಾಳಿ ಹೇಗೆ ಬೀಳುತ್ತದೆ ಅನ್ನುವುದು ಯಾವ ಪಂಚಾಂಗದಲ್ಲೂ ಇಲ್ಲ.

ಹೀಗೆ ಬಂದವರಲ್ಲಿ ಚಿಕ್ಕಮಾವನವರ ವಿಚಾರ ಬೇರೆ. ನಮ್ಮ ಮಾವನವರ ತಮ್ಮ, ಚಳ್ಳಕೆರೆಯವರು. ಬಯಲುಸೀಮೆಯ ಮನುಷ್ಯನನ್ನು ಮರುಭೂಮಿ ತೋರಿಸಲು ಕರೆದುಕೊಂಡು ಹೋಗುವುದು ಎಂಥ ದಡ್ಡತನ ಅಂತ ನನಗೆ ಮೊದಲ ದಿನವೇ ಗೊತ್ತಾಯಿತು. ಹೆದ್ದಾರಿಯಲ್ಲಿ ಸ್ಯಾನ್ ಗೋರ್ಗೋನಿಯೊ ಕಣಿವೆಯ ಗಾಳಿಯಂತ್ರಗಳು ಕಾಣಿಸಿದವು. ಎಲ್ಲರೂ ಬಾಯಿ ಬಿಡುವ ಜಾಗ. ಚಿಕ್ಕಮಾವ ಕಿಟಕಿ ಇಳಿಸಲೂ ಇಲ್ಲ. "ಇವು ನಮ್ಮ ಚಿತ್ರದುರ್ಗದ ಗುಡ್ಡದ ಮೇಲೂ ಇದಾವೆ." ಇದನ್ನು ನೋಡೋಕೆ ಟಿಕೆಟ್ ಕೊಟ್ಟು ಟೂರ್ ಹೋಗ್ತಾರೆ ಅಂದೆ. "ನಮ್ಮಲ್ಲಿ ಕುರಿ ಕಾಯೋರು ದಿನಾ ಪುಕ್ಕಟೆ ನೋಡ್ತಾರೆ" ಅಂದರು. ಜಾಲಿಯಂಥ ಮುಳ್ಳುಗಿಡ, ಬೋಳು ಗುಡ್ಡ, ನೀರಿಲ್ಲದ ಹಳ್ಳ ಎಲ್ಲವನ್ನೂ ಹಳೇ ಪರಿಚಯದವರಂತೆ ತಲೆ ಆಡಿಸಿ ದಾಟಿಸಿದರು. ಪೇಟೆಯಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ವಿಗ್ರಹ ಇದೆ. 26 ಅಡಿ ಎತ್ತರ. ಗಾಳಿಗೆ ಲಂಗ ಹಾರುವ ಆ ಭಂಗಿ. ಹಿರಿಯರು ಬಂದಾಗ ನಾನು ಆ ಬೀದಿ ತಪ್ಪಿಸಿ ಸುತ್ತು ಹಾಕುತ್ತೇನೆ. ಅವತ್ತು ತಪ್ಪಿಸಲು ಆಗಲಿಲ್ಲ. ಚಿಕ್ಕಮಾವ ಒಂದು ಕ್ಷಣ ನೋಡಿ, "ಪಾಪ, ಇಲ್ಲಿ ಗಾಳಿ ಜಾಸ್ತಿ" ಅಂದರು.

ಅವರನ್ನು ಬೆರಗುಗೊಳಿಸಲು ನನ್ನ ಹತ್ತಿರ ಉಳಿದಿದ್ದು ಒಂದೇ ಅಸ್ತ್ರ. ಏರಿಯಲ್ ಟ್ರಾಮ್‌ವೇ.

ಸ್ಯಾನ್ ಹಸಿಂಟೊ ಬೆಟ್ಟಕ್ಕೆ ತಂತಿಯ ಮೇಲೆ ಹೋಗುವ ತೊಟ್ಟಿಲು ಇದು. 1963ರಿಂದ ಓಡುತ್ತಿದೆ. ಒಂದು ತೊಟ್ಟಿಲಿಗೆ ಎಂಬತ್ತು ಜನ. ಹತ್ತು ನಿಮಿಷದಲ್ಲಿ 2,643 ಅಡಿಯಿಂದ 8,516 ಅಡಿಗೆ ಎತ್ತಿ ಬಿಡುತ್ತದೆ. ಕೆಳಗೆ ಕಳ್ಳಿ, ಮೇಲೆ ಪೈನ್ ಮರ, ಚಳಿಗಾಲವಾದರೆ ಹಿಮ. ನಾನು ಎಷ್ಟು ಸಲ ಹತ್ತಿದ್ದೇನೆ ಅಂದರೆ ಧ್ವನಿವರ್ಧಕದ ಮಾತು ನನಗೆ ಸುಪ್ರಭಾತದಷ್ಟೇ ಕಂಠಪಾಠ. ಇದರ ವಿಶೇಷ ಏನು ಅಂದರೆ, ಹೋಗುವಾಗ ಒಳಗಿನ ನೆಲ ತಿರುಗುತ್ತದೆ. ಸುತ್ತಲಿನ ಗೋಡೆ, ಕಿಟಕಿ ತಿರುಗಲ್ಲ, ನಿಂತವರು ಮಾತ್ರ ಮೆಲ್ಲಗೆ ತಿರುಗುತ್ತಾರೆ. ಒಂದು ಪ್ರಯಾಣಕ್ಕೆ ಎರಡು ಸುತ್ತು. ಹಾಗಾಗಿ ಎಲ್ಲರಿಗೂ ಎಲ್ಲಾ ದಿಕ್ಕೂ ಕಾಣುತ್ತದೆ, ಯಾರೂ ಜಾಗಕ್ಕೆ ಜಗಳ ಆಡಬೇಕಿಲ್ಲ.

ಇದನ್ನು ನಾನು ಚಿಕ್ಕಮಾವನವರಿಗೆ ಮೊದಲೇ ಹೇಳಬೇಕಿತ್ತು. ಅವರು ಮೂವತ್ತು ವರ್ಷ ಚಳ್ಳಕೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ ನೌಕರಿ ಮಾಡಿದವರು. ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದವರು. ಹೆಗಲ ಮೇಲೆ ಆ ಟವೆಲ್ ಅಮೆರಿಕಕ್ಕೂ ಬಂದಿತ್ತು. ಬಿಳಿ ಬಣ್ಣ, ಅಂಚಿಗೆ ಹಸಿರು ಗೀಟು.

ಬಾಗಿಲು ತೆರೆದದ್ದೇ ತಡ, ಎಪ್ಪತ್ತೊಂದು ವರ್ಷದ ಮನುಷ್ಯ ನನ್ನ ಕಣ್ಣ ಮುಂದೆಯೇ ಮಾಯ. ನೋಡಿದರೆ ಕಣಿವೆ ಕಾಣುವ ಕಡೆಯ ಒಳ್ಳೇ ಕಿಟಕಿ ಹಿಡಿದು, ಅಂಚಿನ ಮೇಲೆ ಟವೆಲ್ ಹಾಸಿ, ಗೆದ್ದ ಮುಖ ಮಾಡಿ ನಿಂತಿದ್ದಾರೆ. "ಬಾ ಬಾ, ನಿನಗೂ ಜಾಗ ಇಟ್ಟಿದೀನಿ."

ತೊಟ್ಟಿಲು ಹೊರಟಿತು. ನೆಲ ತಿರುಗಲು ಶುರುವಾಯಿತು.

"ಏ, ಟವೆಲ್ ಹೋಗ್ತಾ ಇದೆ!"

"ಟವೆಲ್ ಹೋಗ್ತಿಲ್ಲ ಮಾವ. ನಾವು ಹೋಗ್ತಾ ಇದೀವಿ."

"ನಾನು ನಿಂತಲ್ಲೇ ನಿಂತಿದೀನಲ್ಲಮ್ಮ!"

ನೋಡುತ್ತಿದ್ದ ಹಾಗೆಯೇ ಟವೆಲ್ ಒಬ್ಬ ಬಿಳಿ ಗಡ್ಡದ ಅಜ್ಜನ ಮುಂದೆ ಹೋಯಿತು. ಚಿಕ್ಕಮಾವ ಅವನ ಭುಜ ತಟ್ಟಿ, "ದಟ್ ಈಸ್ ಮೈ ಟವೆಲ್" ಅಂದರು. ಅಜ್ಜ "ವೆರಿ ನೈಸ್" ಅಂದ. ಅಷ್ಟರಲ್ಲಿ ಅಜ್ಜನೂ ಸರಿದ, ಟವೆಲ್ ಮುಂದೆ ಮಗು ಎತ್ತಿಕೊಂಡ ಒಬ್ಬ ತಾಯಿ ಬಂದಳು. ಹೆಂಗಸರ ಸೀಟಿಗೆ ಜಗಳ ಆಡಿ ಗೊತ್ತಿಲ್ಲದ ಚಿಕ್ಕಮಾವ ಸ್ವಲ್ಪ ತಡವರಿಸಿದರು. ಆಮೇಲೆ ತೆಗೆದುಕೊಂಡರು ನೋಡಿ ಒಂದು ತೀರ್ಮಾನ. ಟವೆಲ್ ತೆಗೆಯುವುದಲ್ಲ, ಟವೆಲ್ ಜೊತೆಗೇ ಇರುವುದು. ಜನರ ನಡುವೆ ದಾರಿ ಮಾಡಿಕೊಂಡು, ನೆಲ ಯಾವ ಕಡೆ ತಿರುಗುತ್ತದೋ ಅದರ ಎದುರು ದಿಕ್ಕಿಗೆ ನಡೆಯಲು ಶುರು ಮಾಡಿದರು. "ಎಕ್ಸ್‌ಕ್ಯೂಸ್ ಮಿ, ಎಕ್ಸ್‌ಕ್ಯೂಸ್ ಮಿ." ಎಲ್ಲರೂ ಒಂದು ಕಡೆ ತಿರುಗುತ್ತಿದ್ದರೆ ಇವರೊಬ್ಬರು ಮಾತ್ರ ಗಾಣದ ಎತ್ತಿನ ಹಾಗೆ ಹೆಜ್ಜೆ ಹಾಕುತ್ತಾ, ಬೆಟ್ಟದ ಲೆಕ್ಕದಲ್ಲಿ ಒಂದಿಂಚೂ ಕದಲದೆ ನಿಂತಿದ್ದರು. ನಾನು ಒಂದು ಸುತ್ತು ಹಾಕಿ ಬಂದಾಗ ಸಿಕ್ಕರು. "ಟವೆಲ್ ಎತ್ಕೊಳ್ಳಿ ಮಾವ" ಅಂದೆ. "ಎತ್ಕೊಂಡ್ರೆ ಜಾಗ ಹೋಗುತ್ತೆ" ಅಂದರು. ಇನ್ನೊಂದು ಸುತ್ತು ಹಾಕಿ ಬಂದೆ. ಬೆವರುತ್ತಿದ್ದರು. ದಾರಿಯಲ್ಲಿ ಐದು ಗೋಪುರಗಳಿವೆ. ಒಂದೊಂದು ದಾಟುವಾಗಲೂ ತೊಟ್ಟಿಲು ಜೋಲಿ ಹೊಡೆಯುತ್ತದೆ, ಜನ ಹೋ ಅಂತ ಕೂಗುತ್ತಾರೆ. ಚಿಕ್ಕಮಾವ ಮಾತ್ರ "ಹಂಪು" ಅಂತ ಗೊಣಗಿ ಕಂಬಿ ಹಿಡಿದು ಮತ್ತೆ ಹೆಜ್ಜೆ ಹಾಕಿದರು. ಕಣಿವೆ, ಬಂಡೆ, ಕೆಳಗೆ ಬೆಂಕಿಪೊಟ್ಟಣದ ಹಾಗೆ ಕಾಣುವ ಊರು ಯಾವುದನ್ನೂ ನೋಡಲಿಲ್ಲ. ಹತ್ತು ನಿಮಿಷ ಟವೆಲ್ ನೋಡಿದರು.

ಮೇಲೆ ಇಳಿದ ಮೇಲೆ ಅವರು ಹೇಳಿದ್ದು, "ದುಡ್ಡೂ ಕೊಟ್ಟು ಬೆಟ್ಟಾನೂ ನಡೆದುಕೊಂಡೇ ಹತ್ತಿದ ಹಾಗಾಯ್ತು."

ಮೇಲೆ ಮೊಣಕಾಲುದ್ದ ಹಿಮ. ಮರುಭೂಮಿಗೆ ಮಂಕಿ ಕ್ಯಾಪ್ ಯಾಕೆ ಮಾವ ಅಂತ ಬೆಳಿಗ್ಗೆ ನಕ್ಕಿದ್ದವಳು ನಾನೇ. ಹನ್ನೊಂದು ವರ್ಷದ ಸ್ಥಳೀಕಳಾದ ನಾನು ಸ್ವೆಟರ್ ಕಾರಿನಲ್ಲೇ ಮರೆತಿದ್ದೆ. ಅವರು ಮಂಕಿ ಕ್ಯಾಪ್ ಎಳೆದುಕೊಂಡು, ಮಾತಿಲ್ಲದೆ ಟವೆಲ್ ತೆಗೆದು ನನ್ನ ತಲೆಗೆ ಸುತ್ತಿದರು.

ಉಳಿದ ತಿಂಗಳುಗಳ ಕಥೆ ಏನು ಹೇಳಲಿ. ಫೆಬ್ರವರಿಯಲ್ಲಿ ಮಾಡರ್ನಿಸಂ ವೀಕ್. ಹೆಸರಿಗೆ ವಾರ, ಇರೋದು ಹನ್ನೊಂದು ದಿನ. ಐವತ್ತು, ಅರವತ್ತರ ದಶಕದ ಮನೆಗಳನ್ನು ಟಿಕೆಟ್ ಕೊಟ್ಟು ನೋಡುತ್ತಾರೆ. ಚಪ್ಪಟೆ ಚಾವಣಿ, ಉದ್ದ ಕಿಟಕಿ, ಜಾಲರಿ ಇಟ್ಟಿಗೆ. ನಮ್ಮತ್ತೆ ಒಂದು ಮನೆ ಮುಂದೆ ನಿಂತು, "ಇದು ಟಿ.ಬಿ. ಡ್ಯಾಮಿನ ಇಂಜಿನಿಯರ್ ಕ್ವಾರ್ಟರ್ಸ್ ಅಲ್ವಾ" ಅಂದಿದ್ದರು. ಅವತ್ತಿನಿಂದ ನನಗೂ ಹಾಗೇ ಕಾಣುತ್ತದೆ, ಏನು ಮಾಡೋದು. ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಮನೆಗಳ ಫೋಟೋ ತೆಗೆಯುವವರ ಹಾವಳಿ. ಬಟ್ಟೆ ಒಣಗಿಸೋಕೂ ಸಂಕೋಚ.

ಮಾರ್ಚಿನಲ್ಲಿ ಇಂಡಿಯನ್ ವೆಲ್ಸ್‌ನ ಟೆನಿಸ್. ಅರ್ಧ ಗಂಟೆಯ ದಾರಿ. ಆ ಎರಡು ವಾರ ನಾನು 111ನೇ ಹೆದ್ದಾರಿ ಕಡೆ ತಲೆ ಹಾಕಲ್ಲ. ಟ್ರಾಫಿಕ್ ಬೈಯುತ್ತಾ ಮನೆಯಲ್ಲೇ ಇರುತ್ತೇನೆ. 2023ರಲ್ಲೂ ಹಾಗೇ ಬೈಯುತ್ತಾ ಗರಾಜ್ ಗುಡಿಸುತ್ತಿದ್ದೆ. ಮೈಸೂರಿನಿಂದ ಅಣ್ಣನ ಮೆಸೇಜ್ ಬಂತು. ಕೊಡಗಿನ ರೋಹನ್ ಬೋಪಣ್ಣ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್ ಗೆದ್ದಿದ್ದಾರೆ. ಆ ದರ್ಜೆಯ ಟೂರ್ನಿ ಗೆದ್ದವರಲ್ಲಿ ಎಲ್ಲರಿಗಿಂತ ಹಿರಿಯ. "ನೀನು ಅಲ್ಲೇ ಇದ್ದೆ ತಾನೇ?" ಅಂತ ಕೇಳಿದ್ದ. ಪೊರಕೆ ಹಿಡಿದುಕೊಂಡೇ ಆ ಮೆಸೇಜನ್ನು ಎರಡು ಸಲ ಓದಿದೆ. ಅಷ್ಟು ಹತ್ತಿರದಲ್ಲಿ ಯಾರೋ ಒಬ್ಬರು ಕನ್ನಡದಲ್ಲಿ ಕೂಗಬಹುದಿತ್ತು. ಇದ್ದವಳು ಗರಾಜಿನಲ್ಲಿದ್ದೆ.

ಬೇಸಿಗೆ ಬಂದರೆ ಎಲ್ಲಾ ಖಾಲಿ. ಚಳಿಗಾಲಕ್ಕೆ ಅಂತ ಬಂದ ಅಜ್ಜ ಅಜ್ಜಿಯರು ಮನೆಗೆ ಬೀಗ ಹಾಕಿ ಉತ್ತರಕ್ಕೆ ಹೋಗುತ್ತಾರೆ. 2024ರ ಜುಲೈ 5ರಂದು ಇಲ್ಲಿ 124 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 51 ಡಿಗ್ರಿ ಸೆಲ್ಸಿಯಸ್. ಊರಿನ ದಾಖಲೆ ಅದು. ರಸ್ತೆಯೆಲ್ಲ ನಮ್ಮದೇ, ಬೇಕಾದಲ್ಲಿ ಪಾರ್ಕಿಂಗ್. ಆದರೆ ಕಾರಿನ ಸ್ಟೀರಿಂಗ್ ಮುಟ್ಟೋಕೆ ಆಗಲ್ಲ. ಕೆಲವರು ಅಡುಗೆಮನೆಯ ಕೈಗವಸು ಹಾಕಿಕೊಳ್ಳುತ್ತಾರೆ. ನನ್ನ ಹತ್ತಿರ ಚಿಕ್ಕಮಾವನವರ ಟವೆಲ್ ಇದೆ. ಹೊರಡುವ ಗಡಿಬಿಡಿಯಲ್ಲಿ ಬಿಟ್ಟುಹೋದದ್ದು. ಕಾರು ನಿಲ್ಲಿಸಿದ ಕೂಡಲೇ ಸ್ಟೀರಿಂಗ್ ಮೇಲೆ ಹಾಸುತ್ತೇನೆ.

ಬೇಸಿಗೆಯಲ್ಲಿ ಫೋನು ಬರಲ್ಲ. ಯಾರೂ "ಒಂದೆರಡು ದಿನ" ಅನ್ನಲ್ಲ. ಜುಲೈ ಕಳೆಯುವ ಹೊತ್ತಿಗೆ ನಾನೇ ಅವರಿವರಿಗೆ ಫೋನ್ ಮಾಡಿ, "ಬೆಳಗಿನ ಜಾವ ಅಷ್ಟೇನೂ ಸೆಕೆ ಇರಲ್ಲ" ಅಂತ ಸುಳ್ಳು ಹೇಳುತ್ತಿರುತ್ತೇನೆ. ಹೋದ ಸಲ ಚಿಕ್ಕಮಾವನವರಿಗೆ ಮಾಡಿದಾಗ ಟವೆಲ್ ಕೊರಿಯರ್ ಮಾಡಲಾ ಅಂತ ಕೇಳಿದೆ. ಮಂಡಿ ನೋವು, ಅಷ್ಟು ದೂರ ಕೂರಬಾರದು ಅಂತ ಡಾಕ್ಟರು ಹೇಳಿದ್ದಾರಂತೆ. ಆದರೂ, "ಬೇಡ, ಬೇಡ, ಅಲ್ಲೇ ಇರಲಿ. ಜಾಗ ಹಿಡಿದಿದೀನಿ" ಅಂದರು.

ಇವತ್ತಿನ ಹಾಲಿನ ವಿಚಾರಕ್ಕೆ ಬರೋಣ. ನಾಳೆಯಿಂದ ಇಂಡಿಯೊದ ಪೋಲೊ ಮೈದಾನದಲ್ಲಿ ಕೋಚೆಲ್ಲಾ ಸಂಗೀತ. ಎರಡು ವಾರಾಂತ್ಯ. ಅದು ಮುಗಿದ ಮೇಲೆ ಅದೇ ಮೈದಾನದಲ್ಲಿ ಸ್ಟೇಜ್‌ಕೋಚ್ ಅನ್ನೋ ಇನ್ನೊಂದು ಸಂಗೀತೋತ್ಸವ. ಸ್ಯಾನ್ ಹೋಸೆಯಿಂದ ಅಕ್ಕನ ಮಗ ಮೂರು ಜನ ಸ್ನೇಹಿತರ ಜೊತೆ ಬರುತ್ತಿದ್ದಾನೆ. "ಸುಮ್ನೆ ಮಲಗೋಕೆ ಮಾತ್ರ ಚಿಕ್ಕಮ್ಮ, ನಿಮಗೆ ಗೊತ್ತೇ ಆಗಲ್ಲ." ಹೋದ ವರ್ಷವೂ ಗೊತ್ತಾಗಲಿಲ್ಲ. ರಾತ್ರಿ ಎರಡಕ್ಕೆ ಬಾಗಿಲು ಬಡಿದದ್ದು, ಬೆಳಿಗ್ಗೆ ಹನ್ನೊಂದಕ್ಕೆ ನಲವತ್ತು ದೋಸೆ ಹೋದದ್ದು, ಒಬ್ಬನ ಕೆನ್ನೆಯ ಮಿನುಗುಪುಡಿ ಸೋಫಾಕ್ಕೆ ಅಂಟಿದ್ದು ಬಿಟ್ಟರೆ ಏನೂ ಗೊತ್ತಾಗಲಿಲ್ಲ. ಆ ಪುಡಿ ದೀಪಾವಳಿಯಲ್ಲೂ ಹೊಳೆಯುತ್ತಿತ್ತು. ಪೂಜೆಗೆ ಬಂದವರೊಬ್ಬರು ಒಳ್ಳೇ ಡಿಸೈನು ಎಂದರು.

ನಾಲ್ಕು ಹುಡುಗರ ಕಾಫಿಗೆ ಒಂದು ಗ್ಯಾಲನ್ ಸಾಕು ಅಂತ ನನ್ನ ಲೆಕ್ಕ. ಹಾಲನ್ನು ಫ್ರಿಜ್ಜಿಗೆ ತಳ್ಳಿ, ತಳ ಹಿಡಿದ ಕುಕ್ಕರ್ ನೆನೆಹಾಕಿ ಕೂತೆ. ಫೋನು ಮಿನುಗಿತು. ಅಕ್ಕನ ಮಗ.

"ಚಿಕ್ಕಮ್ಮ, ನಾಲ್ಕಲ್ಲ, ಏಳು ಜನ. ಪರವಾಗಿಲ್ಲ ಅಲ್ವಾ?"

ಗಡಿಯಾರ ನೋಡಿದೆ. ಎಂಟೂಮುಕ್ಕಾಲು. ಸಂತೆ ಎದ್ದು ರಸ್ತೆ ಬಿಡೋದು ಹತ್ತು ಗಂಟೆಗೆ.