ಧರ್ಮ ಮತ್ತು ಸರ್ಕಾರದ ನಡುವಿನ ಗೆರೆ: ಅಭ್ಯರ್ಥಿಗಳಿಂದ ಲಿಖಿತ ಉತ್ತರ ಕೇಳಬೇಕೇ?

ಪರ: ಕೇಳಲೇಬೇಕು, ಕೇಳುವ ಕ್ರಮ ತಿಳಿದು ಕೇಳಬೇಕು

ನಾಮಪತ್ರದ ಜೊತೆ ಅಭ್ಯರ್ಥಿಗಳು 26ನೇ ನಮೂನೆಯ ಪ್ರಮಾಣಪತ್ರ ಸಲ್ಲಿಸುತ್ತಾರೆ. ತಮ್ಮ ಮೇಲಿರುವ ಕ್ರಿಮಿನಲ್ ಪ್ರಕರಣ, ಮನೆ, ಜಾಗ, ಚಿನ್ನ, ಸಾಲ, ಓದು ಎಲ್ಲವನ್ನೂ ಅದರಲ್ಲಿ ಬರೆಯಬೇಕು. ದೇವಸ್ಥಾನ, ಮಸೀದಿ, ಇಗರ್ಜಿಗಳ ವಿಷಯದಲ್ಲಿ ಸರ್ಕಾರ ಎಲ್ಲಿಯವರೆಗೆ ಕೈ ಹಾಕಬಹುದು, ಖಜಾನೆಯ ಹಣ ಯಾವುದಕ್ಕೆ ಹೋಗಬಹುದು ಎಂಬ ಬಗ್ಗೆ ಆ ಹಾಳೆಗಳಲ್ಲಿ ಒಂದು ಸಾಲೂ ಇಲ್ಲ. ಅದನ್ನು ಕೇಳುವವರು ಮತದಾರರೇ ಆಗಬೇಕು. ಕೇರಳದ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗೆ ಎಲ್ಲ ಪಕ್ಷದ ಅಭ್ಯರ್ಥಿಗಳೂ ಬೆಳಗ್ಗೆ ಬ್ರಹ್ಮಕಲಶಕ್ಕೆ ಹೋಗುತ್ತಾರೆ, ರಾತ್ರಿ ಉರೂಸಿಗೆ ಹೋಗುತ್ತಾರೆ. ಅದು ಸೌಜನ್ಯ, ನಿಲುವಲ್ಲ. ಶಾಸಕರಾದ ಮೇಲೆ ಅವರ ಕೈಯಲ್ಲಿ ಏನಿರುತ್ತದೆ ಎಂದು ನೋಡಿದರೆ ನಿಲುವು ಯಾಕೆ ಬೇಕು ಎಂದು ತಿಳಿಯುತ್ತದೆ.

ದೇವಸ್ಥಾನಗಳ ಆಡಳಿತ ನಡೆಸುವ ತಿರುವಿದಾಂಕೂರು ದೇವಸ್ವಂ ಬೋರ್ಡಿನ ಮೂವರು ಸದಸ್ಯರಲ್ಲಿ ಇಬ್ಬರನ್ನು ಸಚಿವ ಸಂಪುಟದ ಹಿಂದೂ ಸಚಿವರು ನಾಮಕರಣ ಮಾಡುತ್ತಾರೆ, ಒಬ್ಬರನ್ನು ವಿಧಾನಸಭೆಯ ಹಿಂದೂ ಸದಸ್ಯರು ಆರಿಸುತ್ತಾರೆ. ಹೀಗೆಂದು 1950ರ ಕಾಯ್ದೆಯೇ ಹೇಳುತ್ತದೆ. ನಮ್ಮ ಜಿಲ್ಲೆಯಿಂದ ಹಿಂದೂ ಶಾಸಕರು ಹೋದರೆ ಶಬರಿಮಲೆಯನ್ನು ನಡೆಸುವ ಬೋರ್ಡಿಗೆ ಅವರ ಒಂದು ಮತ ಇದೆ. ಮುಸ್ಲಿಂ ಶಾಸಕರು ಹೋದರೆ ಇಲ್ಲ. ಈ ಏರ್ಪಾಡು ಸರಿಯೇ, ಬದಲಾಗಬೇಕೇ? ಇನ್ನೊಂದು ಉದಾಹರಣೆ ವಕ್ಫ್ ಬೋರ್ಡಿನದು. ಅದರ ನೌಕರರನ್ನು ಲೋಕಸೇವಾ ಆಯೋಗ, ಅಂದರೆ ಪಿಎಸ್‌ಸಿ ಮೂಲಕ ನೇಮಿಸುವ ಕಾನೂನನ್ನು ಕೇರಳ ವಿಧಾನಸಭೆ 2021ರಲ್ಲಿ ಮಾಡಿತು, 2022ರಲ್ಲಿ ಅದೇ ಸಭೆ ಅದನ್ನು ರದ್ದು ಮಾಡಿತು. ಒಂದೇ ಅವಧಿಯ ಶಾಸಕರು ಎರಡೂ ಬಾರಿ ಕೂತಿದ್ದರು. ಅವರ ಅಭಿಪ್ರಾಯ ಏನಿತ್ತು ಎಂದು ಚುನಾವಣೆಗೆ ಮುಂಚೆ ನಾವು ಕೇಳಿರಲಿಲ್ಲ.

ಇಲ್ಲಿಗೇ ಸೇರಿದ ವಿಷಯ ತಸ್ತೀಕಿನದು, ಅಂದರೆ ದೇವಸ್ಥಾನ, ಮಠಗಳಿಗೆ ಸರ್ಕಾರ ವರ್ಷವೂ ಕೊಡುವ ಹಣದ್ದು. ಭೂಸುಧಾರಣೆಯಲ್ಲಿ ದೇವಸ್ಥಾನ, ಮಠಗಳ ಗೇಣಿ ಭೂಮಿ ಹೋಯಿತು, ಅದಕ್ಕೆ ಬದಲಾಗಿ ಸರ್ಕಾರ ಶಾಶ್ವತ ವರ್ಷಾಶನ ಕೊಡಬೇಕೆಂದಾಯಿತು. ಈ ಭೂಸುಧಾರಣೆಯನ್ನು ಪ್ರಶ್ನಿಸಿ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳು 1970ರಲ್ಲಿ ಹೂಡಿದ ದಾವೆಯೇ ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಬದಲಿಸುವಂತಿಲ್ಲ ಎಂಬ 1973ರ ಏಪ್ರಿಲ್ 24ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣವಾದದ್ದು. ಈಗ ಒಬ್ಬ ಅಭ್ಯರ್ಥಿ ‘ಧಾರ್ಮಿಕ ಸಂಸ್ಥೆಗಳಿಗೆ ಸರ್ಕಾರದ ದುಡ್ಡು ಬೇಡ’ ಎಂದರೆ ತಸ್ತೀಕನ್ನೂ ನಿಲ್ಲಿಸುತ್ತಾರೆಯೇ? ಅದು ದಾನವಲ್ಲ, ಕಿತ್ತುಕೊಂಡ ಜಾಗದ ಬಾಕಿ. ಇನ್ನೊಬ್ಬ ಅಭ್ಯರ್ಥಿ ‘ದೇವಸ್ಥಾನಗಳನ್ನು ಬೋರ್ಡಿನಿಂದ ಬಿಡಿಸುತ್ತೇನೆ’ ಎಂದರೆ ಯಾರ ಕೈಗೆ ಬಿಡಿಸುತ್ತಾರೆ? ಅನುವಂಶಿಕ ಮೊಕ್ತೇಸರರಿಗೋ, ಭಕ್ತರು ಆರಿಸಿದ ಸಮಿತಿಗೋ? ಮೈಕಿನ ಮುಂದೆ ಇಷ್ಟು ಬಿಡಿಸಿ ಯಾರೂ ಹೇಳುವುದಿಲ್ಲ. ಕಾಗದದಲ್ಲಿ ಕೇಳಿದರೆ ಹೇಳಬೇಕಾಗುತ್ತದೆ.

ಕೇಳುವಾಗ ನಮ್ಮ ಜಿಲ್ಲೆಯಲ್ಲಿ ಮೊದಲು ಎಡವುವುದು ಭಾಷೆಯಲ್ಲಿ. ಕನ್ನಡದಲ್ಲಿ ಮತ ಎಂದರೆ ವೋಟೂ ಹೌದು, ಧರ್ಮವೂ ಹೌದು. ಮಲಯಾಳದಲ್ಲಿ ಮತಂ ಎಂದರೆ ಧರ್ಮ. ಧರ್ಮಂ ಎಂದರೆ ಅಲ್ಲಿ ಮೊದಲು ಹೊಳೆಯುವುದು ಕರ್ತವ್ಯ, ನೀತಿ. ಭಿಕ್ಷೆಗೂ ಅದೇ ಮಾತು. ಕನ್ನಡ ಪ್ರಶ್ನೆಯ ‘ಧರ್ಮ’ವನ್ನು ಹಾಗೆಯೇ ಮಲಯಾಳ ಲಿಪಿಗೆ ಇಳಿಸಿದರೆ ಮಲಯಾಳ ಓದುವ ಅಭ್ಯರ್ಥಿಯ ಮುಂದೆ ಬೇರೆಯೇ ಪ್ರಶ್ನೆ ಹೋಗುತ್ತದೆ. ಅದಕ್ಕಿಂತ ತೊಡಕಿನದು ‘ಜಾತ್ಯತೀತ’ ಎಂಬ ಶಬ್ದ. ದಿನಪತ್ರಿಕೆಗಳಲ್ಲಿ ಬಳಕೆಯಾಗಿ ನಮಗೆ ರೂಢಿಯಾಗಿದೆ, ಆದರೆ ಅಕ್ಷರಶಃ ಅದು ಜಾತಿಯ ಮಾತು. ಶಾಲಾ ಪುಸ್ತಕದಲ್ಲಿ ಓದುವ ಸಂವಿಧಾನದ ಕನ್ನಡ ಪೀಠಿಕೆಯಲ್ಲಿ ಇರುವುದು ‘ಸರ್ವಧರ್ಮ ಸಮಭಾವ’. ಎಲ್ಲ ಧರ್ಮಗಳನ್ನೂ ಸಮನಾಗಿ ಕಾಣುವುದು ಬೇರೆ, ಸರ್ಕಾರ ಎಲ್ಲ ಧರ್ಮಗಳಿಂದಲೂ ದೂರ ನಿಲ್ಲುವುದು ಬೇರೆ. ಉರೂಸಿಗೂ ಜಾತ್ರೆಗೂ ಸಮನಾಗಿ ಅನುದಾನ ಕೊಡುವವರು ಸಮಭಾವದವರು. ಎರಡಕ್ಕೂ ಕೊಡದವರು ದೂರ ನಿಲ್ಲುವವರು. ‘ನೀವು ಜಾತ್ಯತೀತರೇ?’ ಎಂದರೆ ಇಬ್ಬರೂ ಹೌದೆನ್ನುತ್ತಾರೆ. ಆದ್ದರಿಂದ ಆ ದೊಡ್ಡ ಶಬ್ದಗಳನ್ನೆಲ್ಲ ಬಿಟ್ಟು ಕಾಯ್ದೆ, ಹಣ, ನೇಮಕ, ಜಾಗ ಎಂದು ಕೆಲಸದ ಮಾತಿನಲ್ಲೇ ಕೇಳಬೇಕು.

ನಂಬಿಕೆಯ ಪ್ರಶ್ನೆ ಒಂದೂ ಇರಬಾರದು. ಯಾವ ದೇವರು, ಪೂಜೆ ಮಾಡುತ್ತೀರೋ, ನಮಾಜು ಮಾಡುತ್ತೀರೋ ಎಂಬುದು ನಮಗೆ ಬೇಡ. ಪ್ರಶ್ನೆ ಐದು ಸಾಕು, ಒಂದು ಹಾಳೆಯಲ್ಲಿ ಮುಗಿಯಬೇಕು. ‘ದೇವಸ್ವಂ ಬೋರ್ಡಿನ ಸದಸ್ಯರನ್ನು ಧರ್ಮದ ಆಧಾರದಲ್ಲಿ ಶಾಸಕರು ಆರಿಸುವ ಪದ್ಧತಿ ಮುಂದುವರಿಯಬೇಕೇ? ಬೇಡವೆಂದರೆ ಯಾರು ಆರಿಸಬೇಕು?’ ಎಂದು ಒಂದು. ‘ಸರ್ಕಾರಿ ಶಾಲೆಯ ಸಭೆಯಲ್ಲಿ ಧಾರ್ಮಿಕ ಆಚರಣೆ ನಡೆಸಬಹುದೇ?’ ಎಂದು ಇನ್ನೊಂದು. ಸರ್ಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದೆಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ, ದೀಪ ಬೆಳಗುವುದು, ಪ್ರಾರ್ಥನೆಗಳ ವಿಷಯದಲ್ಲಿ ಜಗಳ ಇದ್ದೇ ಇದೆ. ವಿಧಾನಸಭೆಗೂ ಲೋಕಸಭೆಗೂ ಹಾಳೆ ಬೇರೆ ಮಾಡಬೇಕು. ನಾಮಪತ್ರ ಹಿಂತೆಗೆದುಕೊಳ್ಳುವ ಕೊನೆಯ ದಿನ ದಾಟಿದ ಕೂಡಲೇ ಕಣದಲ್ಲಿ ಉಳಿದ ಎಲ್ಲರಿಗೂ, ಪಕ್ಷೇತರರನ್ನೂ ಬಿಡದೆ, ಒಂದೇ ದಿನ ಒಂದೇ ಹಾಳೆ ಕೊಟ್ಟು ಸ್ವೀಕೃತಿ ಸಹಿ ಪಡೆಯಬೇಕು. ಉತ್ತರಿಸದವರ ಜಾಗವನ್ನು ಖಾಲಿ ಬಿಟ್ಟೇ ಪ್ರಕಟಿಸಬೇಕು. ‘ನಿರಾಕರಿಸಿದರು’ ಎಂದು ನಾವಾಗಿ ಬರೆಯಬಾರದು.

ಮುದ್ರಿಸಿ ಹಂಚುವುದಾದರೆ ಎಚ್ಚರ ಬೇಕು. ಒಬ್ಬ ಅಭ್ಯರ್ಥಿಗೆ ಅನುಕೂಲವೋ ಪ್ರತಿಕೂಲವೋ ಆಗುವ ಯಾವ ಕರಪತ್ರವೂ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಸೆಕ್ಷನ್ನಿಗೆ ಬರುತ್ತದೆ. ಮುದ್ರಕರ, ಪ್ರಕಾಶಕರ ಹೆಸರು ಮತ್ತು ವಿಳಾಸ ಮುಖದ ಮೇಲೇ ಇರಬೇಕು. ಪ್ರಕಾಶಕರು ಸಹಿ ಮಾಡಿ, ಪರಿಚಯದ ಇಬ್ಬರಿಂದ ದೃಢೀಕರಿಸಿದ ಘೋಷಣೆಯ ಎರಡು ಪ್ರತಿಗಳನ್ನು ಪ್ರೆಸ್ಸಿಗೆ ಕೊಡಬೇಕು. ಅದರ ಒಂದು ಪ್ರತಿ, ಜೊತೆಗೆ ಕರಪತ್ರದ ಪ್ರತಿ, ಪ್ರೆಸ್ಸಿನಿಂದ ಜಿಲ್ಲಾಧಿಕಾರಿಗೆ ಹೋಗಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆಗಳಲ್ಲಿ ಏನನ್ನೂ ಹಂಚದಿರುವುದೇ ಒಳ್ಳೆಯದು.

ಹೀಗೆ ಕೇಳುವುದೇ ಧರ್ಮದ ಹೆಸರಿನಲ್ಲಿ ಮತ ಯಾಚನೆಯಾಗುತ್ತದೆ ಎಂದು ಹೆದರುವವರಿದ್ದಾರೆ. ಅದೇ ಪ್ರಜಾಪ್ರತಿನಿಧಿ ಕಾಯ್ದೆಯ 123(3)ನೇ ಸೆಕ್ಷನ್ ನಿಷೇಧಿಸುವುದು ಧರ್ಮದ ಆಧಾರದಲ್ಲಿ ಮತ ಕೊಡಿ ಅಥವಾ ಕೊಡಬೇಡಿ ಎನ್ನುವುದನ್ನು. ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 2017ರ ಜನವರಿ 2ರಂದು ನಾಲ್ಕು-ಮೂರರ ಬಹುಮತದಿಂದ ಅಭ್ಯರ್ಥಿಯ ಧರ್ಮದ ಜೊತೆ ಮತದಾರರ ಧರ್ಮವನ್ನೂ ಅದರೊಳಗೆ ತಂದಿತು. ದೇವಸ್ವಂ ಕಾಯ್ದೆಯ ತಿದ್ದುಪಡಿ ಬೇಕೇ ಎಂದು ಕೇಳುವುದು ಆ ಯಾಚನೆಯಲ್ಲ. ಮತ ಬಿದ್ದ ಮೇಲೆ ಕೋರ್ಟಿಗೆ ಹೋದರೆ ಎಷ್ಟು ತಡವಾಗುತ್ತದೆಂದು ಕೇರಳಕ್ಕೆ ಗೊತ್ತಿದೆ. 2004ರಲ್ಲಿ ಮೂವಾಟ್ಟುಪುಳ ಲೋಕಸಭಾ ಕ್ಷೇತ್ರದಲ್ಲಿ 529 ಮತಗಳಿಂದ ಗೆದ್ದ ಪಿ.ಸಿ. ಥಾಮಸ್ ಅವರ ಆಯ್ಕೆಯನ್ನು ಧರ್ಮ ಬಳಸಿದ ಕಾರಣಕ್ಕೆ ಹೈಕೋರ್ಟ್ ರದ್ದು ಮಾಡಿದ್ದು 2006ರಲ್ಲಿ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯುವಾಗ ಆ ಲೋಕಸಭೆಯ ಅವಧಿಯೇ ಮುಗಿದಿತ್ತು.

ವಿರೋಧ: ಆ ಹಾಳೆಯಿಂದ ಗೆರೆ ಗಟ್ಟಿಯಾಗುವುದಿಲ್ಲ, ಅಳಿಸುತ್ತದೆ

ಅಭ್ಯರ್ಥಿ ಕಾಗದದಲ್ಲಿ ಬರೆದುಕೊಟ್ಟ ಮಾತಿಗೆ ಸಭೆಯೊಳಗೆ ಬೆಲೆ ಎಷ್ಟು? 1985ರಲ್ಲಿ ಬಂದ ಸಂವಿಧಾನದ ಹತ್ತನೇ ಅನುಸೂಚಿಯ ಪ್ರಕಾರ ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಆದೇಶ) ಮೀರಿ ಮತ ಹಾಕಿದ ಶಾಸಕರು ಸ್ಥಾನ ಕಳೆದುಕೊಳ್ಳಬಹುದು. ವಕ್ಫ್ ಬೋರ್ಡಿನ ಪಿಎಸ್‌ಸಿ ಕಾನೂನು ಬಂದದ್ದೂ ಹೋದದ್ದೂ ಸರ್ಕಾರದ ನಿರ್ಧಾರದಿಂದ. ಒಬ್ಬೊಬ್ಬ ಶಾಸಕರೂ ಮೊದಲೇ ಬರೆದುಕೊಟ್ಟಿದ್ದರೂ ಮತ ವಿಪ್ ಇದ್ದ ಕಡೆಗೇ ಬೀಳುತ್ತಿತ್ತು. ಮಾತು ಪಡೆಯಬೇಕಾದದ್ದು ಪ್ರಣಾಳಿಕೆ ಬರೆಯುವ ಪಕ್ಷದಿಂದ. ನಮ್ಮ ಊರಿನ ಅಭ್ಯರ್ಥಿಯಿಂದ ಪಡೆದದ್ದು ಈಡೇರಿಸಲಾಗದ ವಾಗ್ದಾನ.

ಎರಡನೆಯದಾಗಿ, ಗೆರೆಯ ಬಹುಭಾಗ ಶಾಸಕರ ಕೈಯಲ್ಲಿಲ್ಲ. ಕೇರಳದ ಸಂಚಿತ ನಿಧಿಯಿಂದ ತಿರುವಿದಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46 ಲಕ್ಷದ 50 ಸಾವಿರ ರೂಪಾಯಿ ಹೋಗಬೇಕೆಂದು ಸಂವಿಧಾನದ 290ಎ ವಿಧಿಯಲ್ಲೇ ಬರೆದಿದೆ. ಅದನ್ನು ವಿಧಾನಸಭೆಯಲ್ಲಿ ಮತಕ್ಕೆ ಹಾಕುವಂತೆಯೇ ಇಲ್ಲ. ಬೋರ್ಡ್ ಮತ್ತು ಮೊಕ್ತೇಸರರ ಅಧಿಕಾರ ಎಲ್ಲಿಗೆ ಮುಗಿಯುತ್ತದೆ ಎಂದು ನಿಶ್ಚಯಿಸಿದ್ದು ಕೋರ್ಟು. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1951ರ ಮದ್ರಾಸ್ ಧರ್ಮಾದಾಯ ಕಾಯ್ದೆ ಇಲ್ಲಿಗೂ ಉಡುಪಿಗೂ ಒಂದೇ. ಅದರ ವಿರುದ್ಧ ಶಿರೂರು ಮಠ ಹೋರಾಡಿ 1954ರಲ್ಲಿ ತೀರ್ಪು ಪಡೆಯಿತು: ಧಾರ್ಮಿಕ ವಿಧಿಗಳು ಆ ಸಂಪ್ರದಾಯದವರಿಗೆ ಬಿಟ್ಟದ್ದು, ಆಸ್ತಿಯ ಆಡಳಿತವನ್ನು ಕಾನೂನು ನಿಯಂತ್ರಿಸಬಹುದು, ಆದರೆ ಪೂರ್ತಿ ಕಿತ್ತುಕೊಳ್ಳುವಂತಿಲ್ಲ. ಮೂಲ್ಕಿ ವೆಂಕಟರಮಣ ದೇವಸ್ಥಾನದ ಪ್ರಕರಣದಲ್ಲಿ ಎಲ್ಲ ಹಿಂದೂಗಳ ಪ್ರವೇಶದ ಹಕ್ಕು ಮೇಲೆಂದೂ, ಕೆಲವು ವಿಶೇಷ ಸೇವೆಗಳನ್ನು ಮಾತ್ರ ಆ ದೇವಸ್ಥಾನದ ಗೌಡ ಸಾರಸ್ವತ ಸಮುದಾಯ ತನಗೆ ಇಟ್ಟುಕೊಳ್ಳಬಹುದೆಂದೂ ತೀರ್ಮಾನವಾಯಿತು. 2008ರಲ್ಲಿ ಮಲಬಾರ್ ದೇವಸ್ವಂ ಬೋರ್ಡ್ ಹುಟ್ಟಿದ್ದೂ ಆ ಮದ್ರಾಸ್ ಕಾಯ್ದೆಯ ತಿದ್ದುಪಡಿಯಿಂದಲೇ. ಇಷ್ಟು ಸೂಕ್ಷ್ಮವಾದದ್ದನ್ನು ಐದು ಪ್ರಶ್ನೆಗೆ ಇಳಿಸಿದರೆ ಉಳಿಯುವುದು ‘ಹೌದು’, ‘ಅಲ್ಲ’ ಮಾತ್ರ.

ಆ ‘ಹೌದು’, ‘ಅಲ್ಲ’ಗಳು ಏನಾಗುತ್ತವೆ ಎಂಬುದೇ ನಿಜವಾದ ಭಯ. ಮಂಜೇಶ್ವರದಲ್ಲಿ 2016ರ ಅಂತರ 89 ಮತ, 2021ರದ್ದು 745. ಇಂಥ ಕಡೆ ಒಂದು ಓಣಿ ತಿರುಗಿದರೆ ಫಲಿತಾಂಶ ತಿರುಗುತ್ತದೆ. ‘ಸರ್ಕಾರಿ ಶಾಲೆಯಲ್ಲಿ ಧಾರ್ಮಿಕ ಆಚರಣೆ ಬೇಡ’ ಎಂಬ ಒಂದು ಸಾಲನ್ನು ಉಳಿದ ನಾಲ್ಕು ಉತ್ತರಗಳಿಂದ ಕತ್ತರಿಸಿ, ಮೇಲೆ ಅಭ್ಯರ್ಥಿಯ ಚಿತ್ರ ಅಂಟಿಸಿ, ಒಂದು ವಾಟ್ಸಾಪ್ ಗುಂಪಿಗೆ ‘ದೀಪ ಹಚ್ಚಲು ಬಿಡದವರು’ ಎಂದೂ, ಇನ್ನೊಂದಕ್ಕೆ ‘ಪ್ರಾರ್ಥನೆ ನಿಲ್ಲಿಸುವವರು’ ಎಂದೂ ಕಳಿಸಲು ಹತ್ತು ನಿಮಿಷ ಸಾಕು. ಹಾಳೆ ತಯಾರಿಸಿದವರು ನಂಬಿಕೆಯ ಪ್ರಶ್ನೆ ಕೇಳದಿದ್ದರೂ ಓದಿದವರು ನಂಬಿಕೆಯನ್ನೇ ಓದುತ್ತಾರೆ. ಸಂವಿಧಾನ ಶಾಸಕರಿಗೆ ಧರ್ಮದ ಅರ್ಹತೆ ಇಟ್ಟಿಲ್ಲ. ಅದನ್ನು ಹಿಂಬಾಗಿಲಿನಿಂದ ನಾವೇ ತಂದಂತಾಗುತ್ತದೆ.

ಕೋರ್ಟು ಸರಿಮಾಡುತ್ತದೆ ಎನ್ನುವಂತಿಲ್ಲ. ತೃಪ್ಪೂಣಿತ್ತುರದಲ್ಲಿ 2021ರಲ್ಲಿ ಅಯ್ಯಪ್ಪನ ಚಿತ್ರವಿದ್ದ ಸ್ಲಿಪ್ಪುಗಳನ್ನು ಹಂಚಿದರೆಂದು ಹೂಡಿದ ಅರ್ಜಿ ಹೈಕೋರ್ಟಿನಲ್ಲಿ ವಜಾ ಆದದ್ದು 2024ರ ಏಪ್ರಿಲಿನಲ್ಲಿ. ಸ್ಲಿಪ್ಪನ್ನು ಅಭ್ಯರ್ಥಿಯೋ ಏಜೆಂಟರೋ, ಅಥವಾ ಅವರ ಒಪ್ಪಿಗೆಯಿಂದ ಬೇರೆಯವರೋ ಹಂಚಿದರೆಂದು ಸಾಕ್ಷ್ಯದಿಂದ ತೋರಿಸಬೇಕು, ಫಲಿತಾಂಶ ಬಂದ 45 ದಿನಗಳೊಳಗೆ ಅರ್ಜಿ ಹಾಕಬೇಕು. ಕೈಗೆ ಸಿಕ್ಕ ಕಾಗದದ ಮೂಲ ಹುಡುಕುವುದೇ ಇಷ್ಟು ಕಷ್ಟವಾದರೆ, ಮೊಬೈಲಿನಲ್ಲಿ ತಿದ್ದಿದ ಉತ್ತರದ ಮೂಲ ಹುಡುಕುವವರು ಯಾರು? ಇದನ್ನು ಬಲ್ಲ ಅಭ್ಯರ್ಥಿ ವಕೀಲರನ್ನು ಕೇಳಿ ‘ಸಂವಿಧಾನಕ್ಕೆ ಬದ್ಧ’ ಎಂದು ಐದೂ ಕಡೆ ಬರೆಯುತ್ತಾರೆ. ಬಿಚ್ಚುಮನಸ್ಸಿನಿಂದ ಬರೆದವರಿಗೆ ಮಾತ್ರ ಪೆಟ್ಟು ಬೀಳುತ್ತದೆ.

ಗೆರೆ ಕಾಯಬೇಕೆಂಬವರು ಗೆದ್ದವರ ಕೆಲಸ ನೋಡಲಿ. ಸಂಸದರ ಪ್ರದೇಶಾಭಿವೃದ್ಧಿ ನಿಧಿಯನ್ನು ಪೂಜಾಸ್ಥಳದ ಒಳಗಾಗಲಿ, ಧಾರ್ಮಿಕ ಸಂಸ್ಥೆಯ ಜಾಗದಲ್ಲಾಗಲಿ ಬಳಸಬಾರದೆಂದು ಮಾರ್ಗಸೂಚಿಯೇ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಅಂಟಿಸಿದರೆ 30 ದಿನಗಳಲ್ಲಿ ಉತ್ತರ ಬರಬೇಕು. ಸರ್ಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷೆಗಳ ಕಾಯ್ದೆ ನಮಗೆ ಕೊಟ್ಟಿದೆ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ‘ಧಾರ್ಮಿಕ ಸಂಸ್ಥೆಗಳಿಗೆ ಎಷ್ಟು ಕೊಟ್ಟಿರಿ’ ಎಂದು ಕೇಳಬಾರದು. ಕಡತದಲ್ಲಿ ಆ ಹೆಸರಿನ ಕಾಲಂ ಇರುವುದಿಲ್ಲ, ‘ಮಾಹಿತಿ ಲಭ್ಯವಿಲ್ಲ’ ಎಂದು ಬರುತ್ತದೆ. ಕಾಮಗಾರಿಗಳ ಪಟ್ಟಿ, ಪ್ರತಿಯೊಂದರ ಎಸ್ಟಿಮೇಟಿನ ಪ್ರತಿ, ಜಾಗದ ಸರ್ವೆ ನಂಬರು, ಆ ನಂಬರಿನ ಒಡೆತನದ ದಾಖಲೆ ಎಂದು ಬಿಡಿಬಿಡಿಯಾಗಿ ಕೇಳಬೇಕು. ಕಾಗದದಲ್ಲಿ ‘ಜಂಕ್ಷನ್ನಿನಲ್ಲಿ ಹೈಮಾಸ್ಟ್ ದೀಪ’ ಎಂದೇ ಇರುತ್ತದೆ. ಕಂಬದ ಬುಡ ಪಂಚಾಯತು ರಸ್ತೆಯ ಪುರಂಬೋಕಿನಲ್ಲಿದೆಯೋ (ಸರ್ಕಾರಿ ಜಾಗದಲ್ಲಿ), ದೇವಸ್ಥಾನ, ಮಸೀದಿಗಳ ಪಾಗಾರದ ಒಳಗೆ ಅಂಗಳದಲ್ಲಿದೆಯೋ ಎಂದು ಸರ್ವೆ ನಂಬರು ಹಿಡಿದು ನೋಡಿಕೊಂಡು ಬರಬಹುದು.